ವಿಮಾನ ರಿಪೇರಿ ಟೂಲ್‌ಗಳ ಕ್ಯಾಲಿಬ್ರೇಷನ್ ಲ್ಯಾಬ್ ಶುರು ಮಾಡೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಪೀಣ್ಯದ ಒಂದು ಕ್ಯಾಲಿಬ್ರೇಷನ್ ಲ್ಯಾಬ್‌ನಲ್ಲಿ, ಅಂದರೆ ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತವಾ ಅಂತ ಪರೀಕ್ಷಿಸುವ ಕಡೆ, ಕೆಲಸ ಮಾಡುತ್ತಿದ್ದೇನೆ. ಪ್ರೆಷರ್ ಗೇಜು, ಟಾರ್ಕ್ ರೆಂಚು (ಬೋಲ್ಟನ್ನು ಬೇಕಾದಷ್ಟೇ ಬಿಗಿಯುವ ರೆಂಚು) ಎರಡೂ ಚೆನ್ನಾಗಿ ಗೊತ್ತು. ಸ್ನೇಹಿತನ ಜೊತೆ ಸೇರಿ ಪ್ರಯಾಣಿಕ ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ಗಳಿಗಾಗಿ ಒಂದು ಲ್ಯಾಬ್ ತೆಗೆಯುವ ಆಸೆ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಲೈಸೆನ್ಸ್ ಬೇಕಾ? ಎಲ್ಲಾ ಥರದ ಉಪಕರಣವನ್ನೂ ಮೊದಲೇ ತಗೋಬೇಕಾ?

ಉತ್ತರ: ನಮಸ್ಕಾರ. ಡಿಜಿಸಿಎಯ ಸಿಎಆರ್ 145 ನಿಯಮ ನೇರವಾಗಿ ಹಿಡಿಯುವುದು ರಿಪೇರಿ ಸಂಸ್ಥೆಯನ್ನು. ಅವರ ಟೂಲ್‌ಗಳು ಮಾನ್ಯ ಸ್ಟ್ಯಾಂಡರ್ಡ್‌ಗೆ ತಕ್ಕಂತೆ ಕ್ಯಾಲಿಬ್ರೇಟ್ ಆಗಿರಬೇಕು, ಅದಕ್ಕೆ ದಾಖಲೆಯೂ ಇರಬೇಕು. ಹಾಗಾಗಿ ಅವರು ನಿಮ್ಮ ಹತ್ತಿರ ಮೊದಲು ಕೇಳುವುದು ಲ್ಯಾಬ್‌ಗಳ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ/ಐಇಸಿ 17025 ಪ್ರಕಾರ ಸಿಕ್ಕಿದ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ. ಆಮೇಲೆ ಸ್ಕೋಪ್, ಅಂದರೆ ಆ ಮಾನ್ಯತೆ ಯಾವ ಅಳತೆಗೆ, ಎಷ್ಟರವರೆಗೆ ಇದೆ ಅಂತ ನೋಡುತ್ತಾರೆ. ನಿಮ್ಮ ಸ್ಕೋಪ್ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) 200 ನ್ಯೂಟನ್ ಮೀಟರ್‌ವರೆಗೆ ಇದ್ದರೆ, 500ರ ರೆಂಚಿಗೆ ಎನ್‌ಎಬಿಎಲ್ ಗುರುತಿನ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ.

ಎಲ್ಲಾ ಒಟ್ಟಿಗೆ ಬೇಡ, ಟಾರ್ಕ್‌ನಿಂದ ಶುರು ಮಾಡಿ. ಹ್ಯಾಂಗರ್‌ನಲ್ಲಿ ದಿನವೂ ಕೈಗೆ ಬರುವ ಟೂಲ್ ಅದು, ಬೇಗ ಸವೆಯುತ್ತದೆ, ಕೆಲಸವೂ ಮರಳಿ ಮರಳಿ ಬರುತ್ತದೆ. ಎತ್ತರ, ವೇಗದ ಮೀಟರ್ ನೋಡುವ ಪಿಟೋ ಸ್ಟ್ಯಾಟಿಕ್ ಟೆಸ್ಟರ್‌ಗಳಿಗೆ ಆಮೇಲೆ ಹೋಗಿ, ಅಲ್ಲಿ ದುಡ್ಡು ಜಾಸ್ತಿ ಬೇಕು. ಮತ್ತೆ ನಿಮ್ಮ ಸ್ವಂತ ಮಾಸ್ಟರ್ ಉಪಕರಣ (ಗ್ರಾಹಕರ ಟೂಲನ್ನು ಹೋಲಿಸಿ ನೋಡುವ ಉಪಕರಣ) ಯಾವ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಆಯಿತು, ಅಲ್ಲಿಂದ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಂಥ ರಾಷ್ಟ್ರೀಯ ಸಂಸ್ಥೆಯವರೆಗೆ ಕೊಂಡಿ ತಪ್ಪದೆ ಇದೆಯಾ, ಇದನ್ನು ಯಾವ ಆಡಿಟರೂ ಕೇಳದೆ ಬಿಡುವುದಿಲ್ಲ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಫ್ಯಾಕ್ಟರಿ ಕೆಲಸಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಏನು? ರೆಂಚ್ ಎಲ್ಲಾದರೂ ರೆಂಚೇ ಅಲ್ವಾ?

ಉತ್ತರ: ರೆಂಚ್ ಒಂದೇ, ಜವಾಬ್ದಾರಿ ಬೇರೆ. ಸುಮ್ನೆ ಒಂದು ಉದಾಹರಣೆ ನೋಡಿ. ಕ್ಲಿಕ್ ರೆಂಚ್ (ಸೆಟ್ ಮಾಡಿದ ಟಾರ್ಕ್ ಮುಟ್ಟಿದಾಗ ಕ್ಲಿಕ್ ಅನ್ನುವ ಟಾರ್ಕ್ ರೆಂಚ್) ಬಂತು. ಟಾರ್ಕ್ ರೆಂಚುಗಳ ಸ್ಟ್ಯಾಂಡರ್ಡ್ ಐಎಸ್‌ಒ 6789 ಪ್ರಕಾರ ಅದರ ಗರಿಷ್ಠ ಟಾರ್ಕ್‌ನ 20, 60, 100 ಶೇಕಡಾದಲ್ಲಿ ಓದುತ್ತೀರಿ. 10 ನ್ಯೂಟನ್ ಮೀಟರ್‌ಗಿಂತ ದೊಡ್ಡ ರೆಂಚಿಗೆ ಸಾಮಾನ್ಯವಾಗಿ 4 ಶೇಕಡಾ ಆಚೀಚೆ ಬಿಡುತ್ತಾರೆ. ಇದು 7 ಶೇಕಡಾ ಕಡಿಮೆ ತೋರಿಸಿತು ಅಂದುಕೊಳ್ಳಿ. ಕೈ ತಕ್ಷಣ ಅಡ್ಜಸ್ಟ್‌ಮೆಂಟ್ ಸ್ಕ್ರೂಗೆ ಹೋಗುತ್ತದೆ. ಹೋಗಬಾರದು! ಬಂದಾಗ ಹೇಗಿತ್ತೋ ಆ ರೀಡಿಂಗ್ ಮೊದಲು ಬರೆದಿಡಿ, ಗ್ರಾಹಕರಿಗೆ ಅವತ್ತೇ ತಿಳಿಸಿ. ಯಾಕಂದ್ರೆ ಹಿಂದಿನ ಕ್ಯಾಲಿಬ್ರೇಷನ್ ಆದ ಮೇಲೆ ಆ ರೆಂಚಿನಿಂದ ಯಾವ ಯಾವ ವಿಮಾನದ ಬೋಲ್ಟ್ ಬಿಗಿದಿದ್ದಾರೆ ಅಂತ ಅವರು ಹುಡುಕಿ, ಬೇಕಾದರೆ ಮತ್ತೆ ಚೆಕ್ ಮಾಡಬೇಕು. ನೀವು ಸ್ಕ್ರೂ ತಿರುಗಿಸಿ ಬರೀ ಒಳ್ಳೆ ರೀಡಿಂಗ್ ಕೊಟ್ಟರೆ ಆ ಬೋಲ್ಟ್‌ಗಳ ವಿಷಯ ಯಾರಿಗೂ ಗೊತ್ತಾಗುವುದೇ ಇಲ್ಲ. ನನಗೆ ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಇನ್ನೊಬ್ಬರು: ರೇಟ್ ಕಡಿಮೆ ಮಾಡಿದರೆ ಗ್ರಾಹಕರು ಬರ್ತಾರಾ ಮೇಡಂ?

ಉತ್ತರ: ರೇಟಿಗಿಂತ ಬೇಗ ವಾಪಸ್ ಕೊಡುವುದು ಮುಖ್ಯ ಸರ್. ಟೂಲ್ ನಿಮ್ಮ ಹತ್ತಿರ ಇರುವಷ್ಟು ದಿನ ಅವರ ಕೆಲಸ ನಿಲ್ಲಬಹುದು. ಮಾನ್ಯತೆಗೆ ಅರ್ಜಿ ಹಾಕುವ ಮುಂಚೆ ಒಳಗಿನ ಆಡಿಟ್, ಬೇರೆ ಲ್ಯಾಬ್‌ಗಳ ಜೊತೆ ಹೋಲಿಕೆ ಪರೀಕ್ಷೆ ಎಲ್ಲಾ ಮುಗಿಸಬೇಕು. ಅಲ್ಲಿಯವರೆಗೆ ಬಾಡಿಗೆ, ಸಂಬಳಕ್ಕೆ ದುಡ್ಡು ಬೇರೆ ಎತ್ತಿಡಿ.

ಪ್ರಶ್ನೆ: ಹಾಗಾದ್ರೆ ಟಾರ್ಕ್ ಅಳೆಯುವ ಟ್ರಾನ್ಸ್‌ಡ್ಯೂಸರ್ (ಸೆನ್ಸರ್) ಯಾವ ರೇಂಜಿಂದು ತಗೊಳ್ಳಲಿ?

ಉತ್ತರ: ಈಗಲೇ ತಗೋಬೇಡಿ. ಎರಡು ಮೂರು ಹ್ಯಾಂಗರ್‌ಗಳ ಟೂಲ್ ಸ್ಟೋರಿನವರನ್ನು ಭೇಟಿಯಾಗಿ, ಅವರ ಹತ್ತಿರ ಯಾವ ರೇಂಜಿನ ರೆಂಚ್ ಜಾಸ್ತಿ ಇವೆ ಅಂತ ಕೇಳಿ. ಆ ಪಟ್ಟಿ ಇಲ್ಲಿ ಹಾಕಿ, ಕೂತು ನೋಡೋಣ.