ಮೊಲದ ಹಿಂಗಾಲಿನಲ್ಲಿ ಕೀವು: ಮಗಳ ಆಂಟಿಬಯೋಟಿಕ್ ಸಿರಪ್ ಕೊಡಬಹುದಾ?

ಪ್ರಶ್ನೆ (ಕುಲಶೇಖರ, ಮಂಗಳೂರು)

ನಮ್ಮ ಮೊಲ ಬೊಳ್ಳುವಿಗೆ ನಾಲ್ಕು ವರ್ಷ. ಸಿಟೌಟಿನಲ್ಲಿ ತಂತಿ ಗೂಡಿನಲ್ಲಿ ಇರುತ್ತಾನೆ. ಮಳೆ ಹಿಡಿದ ಮೇಲೆ ಬಲ ಹಿಂಗಾಲಿನ ಹಿಮ್ಮಡಿ ಹತ್ತಿರ ಕೂದಲು ಉದುರಿ ಕೆಂಪಾಗಿತ್ತು. ತಂತಿ ತಾಗಿರಬೇಕು ಅಂತ ಬಿಟ್ಟೆ. ಈಗ ಅಲ್ಲಿ ದಪ್ಪ ಹಕ್ಕಳೆ, ಕಾಲು ಬಾತಿದೆ, ಒತ್ತಿದರೆ ಟೂತ್‌ಪೇಸ್ಟ್ ತರ ಬಿಳಿ ಕೀವು ಬರುತ್ತದೆ. ಆ ಕಾಲು ಊರುವುದೇ ಇಲ್ಲ. ನಿನ್ನೆಯಿಂದ ತಿನ್ನುವುದೂ ಕಡಿಮೆ. ಮಗಳಿಗೆ ಗಂಟಲು ನೋವಿಗೆ ಕೊಟ್ಟ ಅಮಾಕ್ಸಿಸಿಲಿನ್ ಸಿರಪ್ ಉಳಿದದ್ದು ಉಂಟು. ಸ್ವಲ್ಪ ಕೊಡಬಹುದಾ? ಅವಳು ರಾತ್ರಿ ಎದ್ದು ಎದ್ದು ಅವನನ್ನು ನೋಡಿ ಬರುತ್ತಾಳೆ.

ಉತ್ತರ (ಬ್ರಹ್ಮಾವರ)

ಆ ಸಿರಪ್ ದಯವಿಟ್ಟು ಕೊಡಬೇಡಿ. ಒಂದು ಹನಿಯೂ ಬೇಡ. ಮೊಲಕ್ಕೆ ಹುಲ್ಲು ಜೀರ್ಣ ಆಗುವುದು ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾದಿಂದ. ಬಾಯಿಯಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಅವು ಸಾಯುತ್ತವೆ, ಕೆಟ್ಟವು ಬೆಳೆದು ವಿಷ ಮಾಡುತ್ತವೆ. ಭೇದಿ ಹಿಡಿದು ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಡಾಕ್ಟರು ಸಾಮಾನ್ಯವಾಗಿ ಎನ್ರೋಫ್ಲಾಕ್ಸಸಿನ್ ತರದ ಬೇರೆ ಆಂಟಿಬಯೋಟಿಕ್ ಕೊಡುತ್ತಾರೆ, ನೋವಿಗೆ ಮೆಲಾಕ್ಸಿಕಾಂ. ಎರಡರ ಅಳತೆಯೂ ತೂಕ ನೋಡಿ ಅವರೇ ಹೇಳಬೇಕು.

ನನ್ನ ಮೊಲ ಪುಟ್ಟಿಗೆ ಇದೇ ಆಗಿತ್ತು. ಐದು ತಿಂಗಳು ಮದ್ದು ಮಾಡಿದೆ. ಮೊಲದ ಪಾದಕ್ಕೆ ನಾಯಿ ಬೆಕ್ಕಿಗೆ ಇರುವ ಹಾಗೆ ಮೆತ್ತೆ ಇಲ್ಲ. ಕೂದಲೇ ಅದರ ಚಪ್ಪಲಿ. ತಂತಿ ಮೇಲೆ ಕೂತು, ಉಚ್ಚೆಯಲ್ಲಿ ನೆನೆದು ಆ ಕೂದಲು ಹೋದರೆ ಚರ್ಮ ಮೂಳೆಗೂ ನೆಲಕ್ಕೂ ನಡುವೆ ಸಿಕ್ಕಿ ಒಡೆಯುತ್ತದೆ. ಮೊಲದ ಕೀವು ಗಟ್ಟಿ, ತಾನಾಗಿ ಹರಿದು ಹೋಗುವುದಿಲ್ಲ. ಡಾಕ್ಟರೇ ಬಿಡಿಸಿ ತೆಗೆಯಬೇಕು. ನೀವು ಒತ್ತಬೇಡಿ, ಒಳಗೆ ಹರಡುತ್ತದೆ. ಎಕ್ಸ್‌ರೇ ಮಾಡಿಸಲು ಕೇಳಿ. ಪುಟ್ಟಿಗೆ ಮೂಳೆವರೆಗೆ ಹೋಗಿತ್ತು, ನನಗೆ ತಡವಾಗಿ ಗೊತ್ತಾಯಿತು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆದರೆ ಮದ್ದಿಗಿಂತ ದೊಡ್ಡದು ನೆಲ. ತಂತಿ ಗೂಡಿನಿಂದ ಇವತ್ತೇ ಹೊರಗೆ ತನ್ನಿ. ನಾನು ಹಳೆ ಹಾಸಿಗೆಯ ಫೋಮ್ ತುಂಡಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಬೈರಾಸು, ಹಳೆ ಲುಂಗಿ ಎರಡು ಮೂರು ಪದರ ಹಾಕಿದೆ. ದಿನಕ್ಕೆ ಎರಡು ಸಲ, ಒದ್ದೆ ಕಂಡರೆ ಆಗಲೇ ಬದಲು. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ದೊಡ್ಡ ಕಷ್ಟ ಅಲ್ವಾ. ಬಚ್ಚಲ ಒಲೆ ಹತ್ತಿರ ಹಗ್ಗ ಕಟ್ಟಿ ಒಣಗಿಸಿದೆ. ನಾರಿನ ಮ್ಯಾಟ್, ಗೋಣಿ ಬೇಡ, ಎರಡೂ ಒರಟು.

ಉಗುರು ಉದ್ದ ಇದ್ದರೆ ಭಾರ ಹಿಮ್ಮಡಿಗೆ ಬೀಳುತ್ತದೆ, ಕತ್ತರಿಸಿ. ದಪ್ಪ ಇದ್ದರೆ ಬಾಳೆಹಣ್ಣು, ಪೆಲೆಟ್ ಕಡಿಮೆ ಮಾಡಿ, ಹುಲ್ಲು ಜಾಸ್ತಿ ಕೊಡಿ.

ಉತ್ತರ (ಕಾರ್ಕಳ)

ನಾವು ಗಾಯಕ್ಕೆಲ್ಲ ತೆಂಗಿನೆಣ್ಣೆಯಲ್ಲಿ ಅರಶಿನ ಕಲಸಿ ಹಚ್ಚುತ್ತೇವೆ. ಇದಕ್ಕೂ ಆಗುವುದಿಲ್ಲವಾ?

ಉತ್ತರ (ಬ್ರಹ್ಮಾವರ)

ನಾನೂ ಮೊದಲು ಅದನ್ನೇ ಮಾಡಿದ್ದು. ಎಣ್ಣೆಗೆ ಕೂದಲು ಅಂಟಿ ಮುದ್ದೆಯಾಯಿತು, ಗಾಯ ಸದಾ ಪಸೆಯಾಗಿಯೇ ಇತ್ತು. ಪುಟ್ಟಿ ನೆಕ್ಕುತ್ತಲೂ ಇದ್ದಳು. ಡಾಕ್ಟರು ಹೇಳಿದ ಮೇಲೆ ಪೊವಿಡೋನ್ ಅಯೋಡಿನ್ ನೀರಿಗೆ ಹಾಕಿ, ಹಾಲು ಹಾಕದ ತೆಳು ಚಾದ ಬಣ್ಣ ಬರುವಷ್ಟು ಮಾಡಿ ತೊಳೆದು, ಒತ್ತಿ ಒಣಗಿಸುತ್ತಿದ್ದೆ. ಬ್ಯಾಂಡೇಜ್ ಅವರ ಕೈಯಲ್ಲೇ ಕಟ್ಟಿಸಿ. ಬಿಗಿಯಾದರೆ ಪಾದ ಬಾತು ತಣ್ಣಗಾಗುತ್ತದೆ, ಒದ್ದೆಯಾದರೆ ಒಳಗೆ ಕೊಳೆಯುತ್ತದೆ.

ಉತ್ತರ (ಮಣಿಪಾಲ)

ತಿನ್ನುವುದು ಕಡಿಮೆ ಅಂದಿರಲ್ಲ, ನನಗೆ ಅದರದ್ದೇ ಹೆದರಿಕೆ. ಮೊಲ 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದು ಎಮರ್ಜೆನ್ಸಿ. ನಾಳೆಗೆ ಇಡಬೇಡಿ. ಆಪರೇಷನ್ ಅಂದರೂ ನಾಯಿಗೆ ಮಾಡುವ ಹಾಗೆ ರಾತ್ರಿಯಿಡೀ ಉಪವಾಸ ಹಾಕಬೇಡಿ. ಮೊಲಕ್ಕೆ ವಾಂತಿ ಬರುವುದಿಲ್ಲ, ಹೊಟ್ಟೆ ಖಾಲಿಯಾದರೇ ತೊಂದರೆ. ಮೊಲ ನೋಡಿ ಅಭ್ಯಾಸ ಇರುವ ಡಾಕ್ಟರೇ ಆಗಲಿ, ಫೋನ್ ಮಾಡಿ ಕೇಳಿಯೇ ಹೋಗಿ.

ಇನ್ನೊಂದು, ಈ ಹವೆಯಲ್ಲಿ ಗಾಯಕ್ಕೆ ನೊಣ ಕೂತು ಹುಳ ಆಗುತ್ತದೆ. ಬೆಳಿಗ್ಗೆ ಸಂಜೆ ಬಾಲದ ಅಡಿಯನ್ನೂ ನೋಡಿ. ನಾಯಿಗೆ ಉಣ್ಣೆ, ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಮದ್ದು ಮಾತ್ರ ಹಾಕಬೇಡಿ, ಮೊಲಕ್ಕೆ ಅದು ವಿಷ.

ಕುಲಶೇಖರ (ಮೂರು ವಾರದ ನಂತರ)

ಬ್ರಹ್ಮಾವರದ ಅಕ್ಕ, ಮಣಿಪಾಲದವರೇ, ಅವತ್ತೇ ಮಧ್ಯಾಹ್ನ ಮಗಳನ್ನೂ ಕರೆದುಕೊಂಡು ಹೋದೆ. ಸಿರಪ್ ಚೆಲ್ಲಿಬಿಟ್ಟೆ. ಎಕ್ಸ್‌ರೇಯಲ್ಲಿ ಮೂಳೆಗೆ ಹೋಗಿರಲಿಲ್ಲ. ಗಟ್ಟಿ ಕೀವು ಬಿಡಿಸಿ ತೆಗೆದರು. ಎನ್ರೋಫ್ಲಾಕ್ಸಸಿನ್ ಇನ್ನೂ ನಡೆಯುತ್ತಿದೆ, ಇನ್ನೂ ಕೆಲವು ವಾರ ಬೇಕು ಅಂದಿದ್ದಾರೆ. ಹಕ್ಕಳೆ ಚಿಕ್ಕದಾಗಿದೆ, ಬದಿಯಲ್ಲಿ ಹೊಸ ಕೂದಲು ಕಾಣುತ್ತಿದೆ.

ತಂತಿ ಗೂಡು ಗುಜರಿಗೆ ಕೊಟ್ಟೆ. ಒಳಕೋಣೆಯ ಮೂಲೆಯಲ್ಲಿ ಫೋಮ್ ಹಾಸಿದ್ದೇವೆ. ನಿನ್ನೆ ಸಂಜೆ ಆ ಕಾಲನ್ನೂ ಊರಿ ಎದ್ದು ನಿಂತು, ಮಗಳ ಕೈಯಲ್ಲಿದ್ದ ಗರಿಕೆಗೆ ಬಾಯಿ ಹಾಕಿದ. ಅವಳು ಕೂಗಿದ್ದು ಕೇಳಿ ನಾನು ಅಡುಗೆಮನೆಯಿಂದ ಓಡಿ ಬಂದೆ. ಲುಂಗಿಗಳು ಸಾಲುತ್ತಿಲ್ಲ, ಭಾನುವಾರ ಅಮ್ಮನ ಮನೆಯಿಂದ ಇನ್ನಷ್ಟು ತರಬೇಕು.