ಅಕ್ಷರದ ಅಂಚಿನ ಪೇಟೆಂಟ್ ತಿರಸ್ಕಾರ: ಮೇಲ್ಮನವಿ ಹಾಕ್ಲೋ ಬ್ಯಾಡೋ?

ಗಂಗಾವತಿ ಕೇಬಲ್‌ನಾಂವ:
ನಮ್ದೊಂದು ಸಣ್ಣ ಚಾನೆಲ್ ಐತ್ರಿ. ಭತ್ತದ ರೇಟು, ಮದುವಿ ಶುಭಾಶಯ ತಳಗ ಓಡ್ತಿರ್ತಾವ. ಬಿಳೇ ಅಂಗಿ ಬಂತಂದ್ರ ಬಿಳೇ ಅಕ್ಷರ ಮಾಯ! ಕರೇ ಅಂಚು ಕಟ್ಟಿದ್ರ ಇನ್ನೊಂದು ಫಜೀತಿ. 'ಲಕ್ಷ್ಮಿ' ಅಂತ ಹಾಕಿದ್ರ, ಒತ್ತು ತಾಗೋ ಕಡೆ ಒಳಗೂ ಕರೇ ಗೆರಿ ಬಿದ್ದು ಅಕ್ಷರ ಸೀಳಿದಂಗ ಕಾಣ್ತಿತ್ತು. ಒತ್ತು, ಗುಣಿತ ಕೂಡಿಸಿ ಒಂದೇ ಆಕಾರ ಮಾಡಿ, ಹೊರಗಷ್ಟೇ ಅಂಚು ಕಟ್ಟೋ ಪ್ರೋಗ್ರಾಂ ಬರದೆ. ಪೇಟೆಂಟಿಗೆ ಹಾಕಿದೆ. ಅಮೆರಿಕದ ಟಿವಿ ಕ್ಯಾಪ್ಷನ್ ಸ್ಟ್ಯಾಂಡರ್ಡ್ ತೋರಿಸಿ, ಇದು ಮೊದಲೇ ಐತಿ ಅಂತ ತಳ್ಳಿಹಾಕ್ಯಾರ. ಅವರಿಗೆ ಒತ್ತಕ್ಷರ ಎಲ್ಲೈತ್ರಿ? ಮೇಲ್ಮನವಿ ನಿಂದರ್ತದೇನು?

ಬಳ್ಳಾರಿ ಮದುವೆ ವಿಡಿಯೋ:
ಅಣ್ಣಾ, ನಾವು ಟೈಟಲ್ ಮಾಡೋವಾಗ ಹೆಸರನ್ನ ಕಪ್ಪು ಬಣ್ಣದಾಗೆ ಎಂಟೂ ದಿಕ್ಕಿಗೆ ಒಂದೊಂದು ಪಿಕ್ಸೆಲ್ ಸರಿಸಿ ಇಡ್ತಿದ್ವಿ. ಆಮೇಲೆ ಇಡೀ ಹೆಸರನ್ನ ಬಿಳಿದರಾಗೆ ಮೇಲಿಡೋದು. ಒಳಗಿನ ಗೆರೆ ತಾನೇ ಮುಚ್ಚಿ ಹೋಗುತ್ತೆ. ಕನ್ನಡದಾಗೂ ನಡೀತೈತೆ. ಹಳೇ ಪದ್ಧತಿ.

ರಾಯಚೂರು, ಪೇಟೆಂಟ್ ಕೆಲಸ:
ಅವರು ತೋರಿಸಿದ್ದು 708 ಎಂಬ ಡಿಜಿಟಲ್ ಟಿವಿ ಕ್ಯಾಪ್ಷನ್ ಸ್ಟ್ಯಾಂಡರ್ಡ್ ಇರಬೇಕು. ಅದರಲ್ಲಿ ಅಕ್ಷರದಂಚಿಗೆ ಉಬ್ಬು, ತಗ್ಗು, ಸುತ್ತಂಚು, ಎಡ ನೆರಳು, ಬಲ ನೆರಳು ಎಲ್ಲ ಇವೆ. ಅಮೆರಿಕದಲ್ಲಿ 2002ರ ಜುಲೈ 1ರಿಂದ ಹೊಸ ಡಿಜಿಟಲ್ ಟಿವಿಗಳಿಗೆ ಕಡ್ಡಾಯ. ಹೀಗಾಗಿ ಬರೀ 'ಪರದೆ ಮೇಲಿನ ಅಕ್ಷರಕ್ಕೆ ಅಂಚು' ಎಂದಿದ್ದರೆ ಉಳಿಯುವುದಿಲ್ಲ. ನಿಮ್ಮ ಒಂದನೇ ಕ್ಲೇಮಿನಲ್ಲಿ, ಅಂದರೆ ಯಾವುದಕ್ಕೆ ಹಕ್ಕು ಕೇಳಿದ್ದೀರೋ ಆ ಸಾಲಿನಲ್ಲಿ, ಒತ್ತಿನ ಮಾತು ಇದೆಯೇ? ಪೇಟೆಂಟ್ ಕಾಯ್ದೆಯ 59ನೇ ಕಲಮಿನಂತೆ ಕ್ಲೇಮು ಕುಗ್ಗಿಸಬಹುದು, ಹಿಗ್ಗಿಸಲು ಬರುವುದಿಲ್ಲ. ಮೊದಲು ಬರೆಯದ್ದನ್ನು ಈಗ ತುರುಕಲೂ ಬರುವುದಿಲ್ಲ. ಪ್ರೋಗ್ರಾಂ ಆದ್ದರಿಂದ, ಬರೀ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಎನ್ನುವ 3(ಕೆ) ತಕರಾರೂ ಎದುರಾಗಬಹುದು. ಮೇಲ್ಮನವಿಗೆ 117ಎ ಪ್ರಕಾರ ಆದೇಶದಿಂದ 3 ತಿಂಗಳು. ಮೊದಲು ಇಂಥ ಮೇಲ್ಮನವಿ ಕೇಳುತ್ತಿದ್ದ ಐಪಿಎಬಿ ಮಂಡಳಿ 2021ರಲ್ಲೇ ಮುಚ್ಚಿತು, ಈಗ ಹೈಕೋರ್ಟ್. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರಿರುವುದರಿಂದ ಮದ್ರಾಸ್ ಹೈಕೋರ್ಟು. ಅಂದಹಾಗೆ, ಮೊದಲ ಸಲ ಪರದೆಗೆ ತಂದದ್ದು ಯಾವಾಗ?

ಗಂಗಾವತಿ ಕೇಬಲ್‌ನಾಂವ:
ಕ್ಲೇಮಿನಾಗ ಒತ್ತಿನ ಹೆಸರಿಲ್ರಿ, ವಿವರಣಾದಾಗ ಎರಡು ಸಾಲು ಐತಿ. ಪರದೆಗೆ ಅಂದ್ರ... ಅರ್ಜಿ ಹಾಕೋಕಿಂತ ಎರಡು ವರ್ಷ ಮೊದಲ, ಕೊಪ್ಪಳ ಗವಿಮಠದ ಜಾತ್ರಿ ಲೈವಿನಾಗ ಓಡ್ಸೀನಿ. ತೇರು ಎಳಿಯೋ ಮುಂದ ಹೆಸರು ಎಷ್ಟು ಚೊಲೋ ಕಂಡ್ವು ಅಂತೀರಿ! ಯೂಟ್ಯೂಬಿನಾಗ ಇನ್ನೂ ಐತಿ.

ರಾಯಚೂರು, ಪೇಟೆಂಟ್ ಕೆಲಸ:
ಹಂಗಾದರೆ ಅಮೆರಿಕ ಯಾಕ್ರೀ, ನಿಮ್ಮ ಜಾತ್ರೆಯೇ ನಿಮಗೆ ಎದುರು ಸಾಕ್ಷಿ: ಅರ್ಜಿಗೆ ಮೊದಲೇ ಜನರಿಗೆ ತೋರಿಸಿದ್ದನ್ನು ಹೊಸದು ಎನ್ನಲು ಕಷ್ಟ. ಪರದೆಯಲ್ಲಿ ಕಂಡದ್ದು ಫಲ, ವಿಧಾನ ಒಳಗಿತ್ತು ಎಂದು ವಾದಿಸಬಹುದು. ಬಳ್ಳಾರಿಯವರು ಹೇಳಿದ ಎಂಟು ದಿಕ್ಕಿನ ಪದ್ಧತಿ ಎದುರು ಅದು ನಿಲ್ಲುವುದು ಕಷ್ಟ. ವಕೀಲರಿಗೆ ಇದನ್ನೇ ಮೊದಲು ಹೇಳಿ. ವಿಡಿಯೋ ಮಾತ್ರ ಅಳಿಸಬೇಡಿ.