ವಿಜಯಪುರದಾಗ ಮೊದಲ್ನೇ ಉಪ್ಪುನೀರಿನ ಟ್ಯಾಂಕ್, ಹವಳಕ್ಕ ಯಾವ ಲೈಟ್ ಹಾಕ್ಲಿ?

ಗುಮ್ಮಟದೂರು (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ನಾ ಏಳು ವರ್ಷದಿಂದ ಸಿಹಿನೀರಿನ ಮೀನು ಸಾಕ್ಲಿಕತ್ತೀನಿ, ಗಿಡ ಹಾಕಿದ್ದ ಟ್ಯಾಂಕೂ ಒಂದ ಅದ, ಏಂಜೆಲ್ ಮೀನು ಎರಡ ಸಲ ಮರಿ ಮಾಡ್ಯಾವ. ಹೋದ ದೀಪಾವಳಿ ಸೂಟಿಯಾಗ ಮಕ್ಕಳನ್ನ ಕರ್ಕೊಂಡು ಮುರ್ಡೇಶ್ವರಕ್ಕ ಹೋಗಿದ್ವಿ, ಅಲ್ಲಿಂದ ಬೋಟ್‌ನ್ಯಾಗ ನೇತ್ರಾಣಿ ನಡುಗಡ್ಡಿಗೆ ಹೋಗಿ ನೀರಾಗ ಮುಖ ಇಟ್ಟು ಹವಳ ನೋಡಿದ್ವಿ, ಅವತ್ತಿನಿಂದ ನನಗೂ ನನ್ನ ಮಗಳಿಗೂ ಅದೇ ಧ್ಯಾಸ. ಮನ್ಯಾಗ ಸಣ್ಣದೊಂದು ಉಪ್ಪುನೀರಿನ ಟ್ಯಾಂಕ್ ಮಾಡೂಣು ಅಂತ ಗಟ್ಟಿ ಮನಸ್ಸು ಮಾಡೀನಿ.

3 ಫೂಟ್ ಉದ್ದ, ಒಂದೂವರಿ ಫೂಟ್ ಅಗಲ, ಒಂದೂವರಿ ಫೂಟ್ ಎತ್ತರದ ಗಾಜಿನ ಟ್ಯಾಂಕ್ ಖಾಲಿ ಅದ. ಲೈಟಿನ ವಿಷಯದಾಗ ತಲಿ ಕೆಟ್ಟದರಿ. ಒಬ್ಬ ಅಂಗಡಿಯಂವ 28,000ದ ಫಾರೆನ್ ಲೈಟ್ ತಗೊಳ್ಳಲಾರ್ದ ಹವಳ ಬದುಕಂಗಿಲ್ಲ ಅಂದ. ನನ್ನ ಗೆಳೆಯ ಅಂತಾನ, ಅಂಗಳದಾಗ ಹಾಕೂ 50 ವಾಟ್ ಎಲ್‌ಇಡಿ ಫ್ಲಡ್ ಲೈಟ್ ಸಾಕಂತ. ನನ್ನ ಹತ್ರ ಗಿಡದ ಟ್ಯಾಂಕಿನ 6500 ಕೆಲ್ವಿನ್ ಬಿಳಿ ಲೈಟ್ ಒಂದ ಹಳೇದು ಅದ, ಅದನ್ನೇ ಹಾಕಿದ್ರ ನಡೀತದೇನು? ಮೊದ್ಲ ಮೆತ್ತನ್ನ ಹವಳ ಅಷ್ಟ, ಆಮ್ಯಾಲೆ ಒಂದ ಜೋಡಿ ಕ್ಲೌನ್ ಮೀನು. ತಿಳದಾವ್ರು ದಯವಿಟ್ಟು ಹೇಳ್ರಿ.

ಖಾನಾಪುರ ಮಳಿ (ಬೆಳಗಾವಿ)

ಅಣ್ಣಾರ, ಲೈಟ್ ಈಗ ತಗೋಬ್ಯಾಡ್ರಿ. ಕಲ್ಲು, ಉಪ್ಪುನೀರು ಎರಡೂ ಹಾಕಿದ ಮ್ಯಾಲೆ ಹೊಲಸು ಕರಗಿಸೂ ಬ್ಯಾಕ್ಟೀರಿಯಾ ಕುಂದರಾಕ 4 ರಿಂದ 6 ವಾರ ಬೇಕು, ಆ ಹೊತ್ತಿನ್ಯಾಗ ಒಳಗ ಹವಳನ ಇರಂಗಿಲ್ಲ, ಲೈಟ್ ಹಚ್ಚಿದ್ರ ಪಾಚಿಗೆ ಊಟ ಹಾಕಿದಂಗ ಅಷ್ಟ. ಆ ರೊಕ್ಕ ಮೊದ್ಲ ನೀರಿಗೆ ಹಾಕ್ರಿ, ಲೈಟ್ ಎರಡನೇ ತಿಂಗಳಿಗೆ ಬರ್ಲಿ.

ಈಗ ನೀವು ಕೇಳಿದ್ದು. ಹವಳದ ಮೈಯೊಳಗ ಕಣ್ಣಿಗೆ ಕಾಣದಂಥ ಪಾಚಿ ಇರ್ತಾವು, ಜೂಜಾಂಥೆಲ್ಲೆ ಅಂತಾರ. ಅವು ಬೆಳಕಿನ್ಯಾಗ ಅನ್ನ ಮಾಡ್ತಾವು, ಹವಳ ಅದರಾಗಿಂದ ದೊಡ್ಡ ಪಾಲು ತಿಂದು ಬದುಕ್ತೈತಿ. ಸಮುದ್ರದ ನೀರು ಕೆಂಪು ಬೆಳಕನ್ನ ಮ್ಯಾಲಿನ ನಾಕೈದು ಮೀಟರ್‌ನ್ಯಾಗ ನುಂಗಿ ಬಿಡ್ತೈತಿ, ನೀಲಿ ಮಾತ್ರ ಆಳಕ್ಕ ಇಳೀತೈತಿ, ಅದಕ್ಕ ಈ ಪಾಚಿಗೆ 420 ರಿಂದ 480 ನ್ಯಾನೋಮೀಟರ್ ನಡುವಿನ ನೀಲಿನ ಭಾಳ ಹೊಂದ್ತೈತಿ. ನಿಮ್ಮ ಗಿಡದ ಲೈಟಿನ್ಯಾಗ ಕೆಂಪು, ಹಸಿರು ಜಾಸ್ತಿ. ಗೆಳೆಯಾರ ಹೇಳಿದ್ದು ಪೂರಾ ತಪ್ಪಲ್ಲ, ಬಿಳಿ ಫ್ಲಡ್ ಲೈಟಿನ ಕೆಳಗ ಮಶ್ರೂಮ್ ಅನ್ನೂ ಮೆತ್ತನ್ನ ಹವಳ ಸಾಯಂಗಿಲ್ಲ, ಆದ್ರ ಹಳದಿ ಹಳದಿ ಕಾಣ್ತೈತಿ, ಗಾಜಿಗೆ ಪಾಚಿ ದಿನಾ ತಿಕ್ಕಬೇಕಾಗ್ತೈತಿ. ಹವಳ ಹಸಿರು ಕಿತ್ತಳಿ ಬಣ್ಣಕ್ಕ ಹೊಳಿಯೂದು ನೀಲಿ ಬಿದ್ದಾಗ.

ವಾಟ್ ನೋಡಬ್ಯಾಡ್ರಿ, ಪಾರ್ ಅಂತ ಒಂದ ಅಳತಿ ಐತಿ, ಹವಳ ಕುಂತ ಜಾಗಕ್ಕ ಎಷ್ಟ ಬೆಳಕು ಮುಟ್ತೈತಿ ಅನ್ನೂದು. ಮಶ್ರೂಮಿಗೆ 50ರ ಆಚೀಚೆ ಸಾಕು, ಜೋವಾಂಥಿಡ್, ಟೋಡ್‌ಸ್ಟೂಲ್ ಲೆದರ್ ಅನ್ನೂ ಜಾತಿಗೆ 80 ರಿಂದ 150. ಕಡ್ಡಿ ಕಡ್ಡಿ ಬೆಳಿಯೂ ಗಟ್ಟಿ ಹವಳ ಇಟ್ಟಾವ್ರಿಗೆ ಅಷ್ಟ 200 ರಿಂದ 350 ಬೇಕು, ಆ 28,000ದ ಲೈಟ್ ಅವ್ರಿಗೆ. ನಿಮ್ಮ ಟ್ಯಾಂಕ್ ಆಳ ಒಂದೂವರಿ ಫೂಟ್ ಅಷ್ಟ. ಮೊಬೈಲ್‌ನ ಲಕ್ಸ್ ಆ್ಯಪ್ ನೀಲಿ ಬೆಳಕಿಗೆ ಸರಿ ಲೆಕ್ಕ ಕೊಡಂಗಿಲ್ಲ, ಯಾರ ಹತ್ರರೆ ಪಾರ್ ಮೀಟರ್ ಇದ್ರ ಒಂದ ದಿನಕ್ಕ ಇಸ್ಕೊಂಡು ಅಳೀರಿ.

3 ಫೂಟಿಗೆ ದೊಡ್ಡದೊಂದು ಲೈಟ್ ನಡುವ ತೂಗು ಹಾಕೂಕಿಂತ ಸಣ್ಣವು ಎರಡು ಚಲೋ, ಬೆಳಕು ಹರವಿ ಬೀಳ್ತೈತಿ. ನೀಲಿ ಬಿಳಿ ಬ್ಯಾರೆ ಬ್ಯಾರೆ ಏರಿಸಿ ಇಳಿಸೂ ಹಂಗ ಇರ್ಬೇಕು, ಟೈಮರ್ ಇರ್ಬೇಕು, ಇಷ್ಟ ಇದ್ರ ಕಂಪನಿ ಯಾವುದಾದ್ರೂ ನಡೀತೈತಿ. ನೀರಿನ ಮ್ಯಾಲೆ 8 ರಿಂದ 10 ಇಂಚ್ ಎತ್ತರಕ್ಕ ಹಾಕ್ರಿ, ಉಪ್ಪಿನ ಸಿಡಿ ಹತ್ತಿದ್ರ ಎಲ್‌ಇಡಿ ಹಾಳಾಗ್ತಾವು.

ಇನ್ನ ನನಗ ಆಗಿದ್ದು ಹೇಳ್ತೇನಿ, ಇದನ್ನ ಮಾತ್ರ ಮರೀಬ್ಯಾಡ್ರಿ. ಮೊದಲ್ನೇ ವರ್ಷ ಒಂದ ಟೋಡ್‌ಸ್ಟೂಲ್ ತಂದಿದ್ನಿ, ಅಂಗೈ ಅಗಲ, ಕಂದು ಬಣ್ಣದ್ದು, ಎಷ್ಟ ಚಂದ ಅರಳತಿತ್ತು ಅಂದ್ರ ಮನಿಗೆ ಬಂದಾವ್ರೆಲ್ಲಾ ಅದನ್ನ ಕೇಳಾವ್ರು. ಹೊಸಾ ಲೈಟ್ ತಂದ ಖುಷಿಗೆ ನೀಲಿ ಬಿಳಿ ಎರಡೂ ಚಾನೆಲ್ 100 ಪರ್ಸೆಂಟಿಗೆ ಇಟ್ಟು ದಿನಾ 12 ತಾಸು ಹಚ್ಚಿದ್ನಿ, ಹತ್ತ ದಿನದಾಗ ಅದರ ಬಣ್ಣ ಹ್ವಾದು ಹಾಲಿನಂಗ ಬೆಳ್ಳಗಾತು, ತಿಂಗಳೊಳಗ ಕರಗಿ ಹೋತು. ಬೆಳಕು ಕಡಿಮಿ ಆದ್ರ ಹವಳ ತಿಂಗಳಗಟ್ಟಲೆ ತಡಕೊಂಡು ನಿಮಗ ಸೂಚನಾ ಕೊಡ್ತೈತಿ, ಹೆಚ್ಚಾದ್ರ ಟೈಮ್ ಕೊಡಂಗಿಲ್ಲ, ಒಳಗಿನ ಪಾಚಿನ್ನ ಹೊರಗ ಹಾಕಿ ಬಿಡ್ತೈತಿ. 25 ಪರ್ಸೆಂಟಿಗೆ ಚಾಲೂ ಮಾಡ್ರಿ, ವಾರಕ್ಕ 5 ಏರಸ್ರಿ, ದಿನಕ್ಕ 8 ತಾಸು ಸಾಕು. ಹೊಸಾ ಹವಳ ಬಂದ್ರ ಮೊದ್ಲ ಉಸುಕಿನ ಮ್ಯಾಲೆ ಇಡ್ರಿ, ಎರಡ ವಾರ ಬಿಟ್ಟು ಮ್ಯಾಲಿನ ಕಲ್ಲಿಗೆ ಒಯ್ರಿ. ಅಂದಂಗ ಲೆದರ್ ಹವಳ ನಡುನಡುವ ವಾರಗಟ್ಟಲೆ ಮುಚ್ಕೊಂಡು ಮ್ಯಾಲೆ ಮೇಣದಂಥ ಪದರು ಕಳಚ್ತೈತಿ, ಸತ್ತೈತಿ ಅಂತ ಒಗೀಬ್ಯಾಡ್ರಿ.

ಗುಮ್ಮಟದೂರು

ಭಾಳ ಉಪಕಾರ ಆತ್ರಿ. ಹಂಗಾದ್ರ ಲೈಟ್ ಬಿಟ್ಟೆ, ಮೊದ್ಲ ನೀರು. ನಮ್ಮ ಬೋರಿನ ನೀರಿನ ಟಿಡಿಎಸ್ (ನೀರಾಗ ಕರಗಿದ ಖನಿಜದ ಅಳತಿ) ಈಗಷ್ಟ ನೋಡ್ದೆ, 1,180 ತೋರಸ್ತು. ಅಡಗಿ ಮನ್ಯಾಗಿನ ಆರ್‌ಓ ನೀರು 70 ತೋರಸ್ತದ, ಅದನ್ನ ಹಾಕಬೌದಾ? ಇನ್ನೊಂದ, ಮೇ ತಿಂಗಳದಾಗ ನಮ್ಮಲ್ಲಿ 41, 42 ಡಿಗ್ರಿ ಬಿಸಲು, ಇದಕ್ಕೇನ ಮಾಡ್ತೀರಿ ನೀವೆಲ್ಲಾ?

ನವನಗರದ ಉಪ್ಪು (ಬಾಗಲಕೋಟೆ)

70 ಇದ್ರ ಬ್ಯಾಡ್ರಿ. ಭಾಳ ಮನಿ ಆರ್‌ಓದಾಗ ರುಚಿಗಂತ ಸ್ವಲ್ಪ ಬೋರ್ ನೀರು ವಾಪಸ್ ಕೂಡಸೂ ಒಂದ ಸಣ್ಣ ತಿರಗಣಿ ಇರ್ತೈತಿ, ಮೆಕ್ಯಾನಿಕ್‌ಗ ಹೇಳಿ ಅದನ್ನ ಬಂದ್ ಮಾಡಸ್ರಿ, ಇಲ್ಲಾಂದ್ರ ಮಿನರಲ್ ಕ್ಯಾಂಡಲ್‌ಕಿಂತ ಮೊದ್ಲ ಬ್ಯಾರೆ ಪೈಪ್ ತಗಸ್ರಿ. ಆ ನೀರು ಮುಂದ ಡಿಐ ರೆಸಿನ್ ಅನ್ನೂ ಒಂದ ಕ್ಯಾಂಡಲ್‌ನ್ಯಾಗ ಹಾದು ಬಂದ್ರ ಟಿಡಿಎಸ್ 0 ಆಗ್ತೈತಿ. ಬೋರ್ ನೀರಿನ್ಯಾಗ ಹೊಲದ ಗೊಬ್ಬರದ ನೈಟ್ರೇಟ್ ಇರ್ತೈತಿ, ಅದು ಒಳಗ ಹೋದ್ರ ನೀವು ಎಂಥಾ ಲೈಟ್ ಹಾಕ್ರಿ, ಮೊದ್ಲ ಬೆಳಿಯೂದು ಪಾಚಿನ. ಮತ್ತ ನಮ್ಮ ಕಡೆ ಎಲ್ಲಾರ ಮನ್ಯಾಗೂ ತಾಮ್ರದ ಕೊಡ, ಹಂಡೆ ಇರ್ತಾವು ನೋಡ್ರಿ, ಟ್ಯಾಂಕಿನ ನೀರು ಅದರಾಗ ಒಂದ ರಾತ್ರಿನೂ ತುಂಬಿ ಇಡಬ್ಯಾಡ್ರಿ, ತಾಮ್ರ ಚೂರು ಇಳದ್ರೂ ಹವಳ, ಸೀಗಡಿ, ಬಸವನಹುಳ ಎಲ್ಲಾ ಸಾಯ್ತಾವು. ಮೀನಿನ ಕೆಲವು ಔಷಧದಾಗೂ ತಾಮ್ರ ಇರ್ತೈತಿ, ಬಾಟಲಿ ಓದಿ ಹಾಕ್ರಿ.

ಉಪ್ಪು ಅಡಗಿದ್ದಲ್ಲ, ರೀಫ್ ಟ್ಯಾಂಕಿನದ ಬ್ಯಾರೆ ಪುಡಿ ಬರ್ತೈತಿ, ಕ್ಯಾಲ್ಸಿಯಂ ಮ್ಯಾಗ್ನೀಸಿಯಂ ಎಲ್ಲಾ ಕೂಡಿದ್ದು. ಲೀಟರಿಗೆ ಸುಮಾರು 36 ಗ್ರಾಂ. ನಿಮ್ಮ ಟ್ಯಾಂಕ್ 190 ಲೀಟರ್ ಲೆಕ್ಕ, ಕಲ್ಲು ಹೋಗಿ 170 ಹಿಡೀತೈತಿ, ಅಂದ್ರ 6 ಕಿಲೋ ಚಿಲ್ಲರ. ಬಕೀಟಿನ್ಯಾಗ ಪಂಪ್ ಬಿಟ್ಟು ಒಂದ ದಿನ ತಿರಗಿಸಿ ಆಮ್ಯಾಲೆ ಹಾಕ್ರಿ, ಉಪ್ಪು ಅಳಿಯೂ ರಿಫ್ರ್ಯಾಕ್ಟೋಮೀಟರಿನ್ಯಾಗ 35 ಪಿಪಿಟಿ (ಸಾವಿರಕ್ಕ 35 ಪಾಲು) ಬರ್ಬೇಕು. ಉಸುಕು ಕೃಷ್ಣಾ ನದಿದು ಹಾಕಬ್ಯಾಡ್ರಿ, ಅರಗೊನೈಟ್ ಅನ್ನೂ ಸುಣ್ಣದ ಉಸುಕು ಕೇಳಿ ತಗೊಳ್ರಿ.

ಬಿಸಲಿನ ಮಾತಿಗೆ ಬರ್ತೇನಿ, ಯಾಕಂದ್ರ ನಮ್ಮ ಮೂರೂ ಜಿಲ್ಲಾದಾಗ ಹವಳ ಸಾಯೂದು ಇದರಿಂದನ. ನೀರು 25, 26 ಡಿಗ್ರಿ ಇರ್ಬೇಕು, 28ರತನಕ ತಡೀತಾವು, 30 ದಾಟಿ ನಾಕ ದಿನ ನಿಂತ್ರ ಬೆಳ್ಳಗಾಗ್ತಾವು. ಜೋರ್ ಬೆಳಕು, ಜೋರ್ ಶಾಖ ಎರಡೂ ಕೂಡಿದ್ರ ಇನ್ನೂ ಲಗೂನ. ನೀರು ತಂಪು ಮಾಡೂ ಚಿಲ್ಲರ್ ಇದ್ರ ಚಿಂತಿ ಇಲ್ಲ, ಆದ್ರ ನನ್ನ ಹತ್ರ ಮೊದಲ್ನೇ ಎರಡ ಬ್ಯಾಸಿಗಿ ಚಿಲ್ಲರ್ ಇರ್ಲಿಲ್ಲ. ನೀರಿನ ಮೈಮ್ಯಾಲೆ ಎರಡ ಸಣ್ಣ ಫ್ಯಾನ್ ಬಿಟ್ಟಿದ್ನಿ, 3 ಡಿಗ್ರಿ ಇಳೀತಿತ್ತು. ನಮ್ಮದು ಒಣ ಹವಾ, ನೀರು ಲಗೂನ ಆರ್ತೈತಿ, ಅದಕ್ಕ ತಂಪಾಗ್ತೈತಿ, ಮಂಗ್ಳೂರ ಕಡೆ ಹಸಿ ಹವಾದಾಗ ಇಷ್ಟ ಇಳಿಯಂಗಿಲ್ಲ. ಟ್ಯಾಂಕಿನ ಮುಚ್ಚಳ ತಗದು ಬಲಿ ಹಾಕ್ರಿ, ಮೀನು ಜಿಗೀತಾವು.

ಆದ್ರ ಆರೂದು ನೀರಷ್ಟ, ಉಪ್ಪು ಅಲ್ಲೇ ಉಳೀತೈತಿ. ಮೇದಾಗ ನನ್ನ ಟ್ಯಾಂಕಿನ್ಯಾಗ ದಿನಕ್ಕ 3 ಲೀಟರ್ ಆರಿ ಹೋಗ್ತಿತ್ತು. ಮೂರ ದಿನ ಊರಿಗೆ ಹೋಗಿ ಬಂದ್ರಿ ಅಂದ್ರ 9 ಲೀಟರ್, 35 ಇದ್ದದ್ದು 37 ಆಗಿ ಕುಂತಿರ್ತೈತಿ. ಹೋದಷ್ಟು ನೀರು ಸಿಹಿ ಆರ್‌ಓ ನೀರು ಹಾಕಿ ತುಂಬ್ರಿ, ಉಪ್ಪುನೀರು ಅಲ್ಲ, ಹೊಸಬ್ರು ಇಲ್ಲೇ ತಪ್ಪತಾರ. ಫ್ಲೋಟ್ ಇರೂ ಆಟೋಮ್ಯಾಟಿಕ್ ಟಾಪ್ಅಪ್ ಬರ್ತೈತಿ, ಲೈಟಿಗಿಂತ ಮೊದ್ಲ ಅದನ್ನ ತಗೊಳ್ರಿ. ಇನ್ವರ್ಟರ್‌ಗೆ ವೇವ್‌ಮೇಕರ್ (ನೀರು ತಿರಗಿಸೂ ಪಂಪ್) ಒಂದರೆ ಹಚ್ರಿ, ಕರೆಂಟ್ ಹೋದಾಗ ಮೊದ್ಲ ಕಡಿಮಿ ಆಗೂದು ಆಕ್ಸಿಜನ್. ಅರ್ಥಿಂಗ್ ನೋಡ್ಕೊಂಡು ಕರೆಂಟ್ ಸೋರಿದ್ರ ತಾನೇ ಬಂದ್ ಮಾಡೂ 30 ಮಿಲಿಆಂಪ್ ಆರ್‌ಸಿಸಿಬಿ ಕಡ್ಡಾಯ ಹಾಕಸ್ರಿ, ಮಕ್ಕಳು ಇರೂ ಮನಿ, ಉಪ್ಪುನೀರು ಸಿಹಿನೀರಿನಂಗಲ್ಲ, ಕರೆಂಟ್ ಸಲೀಸ ಹರೀತೈತಿ. ವೈರು ಪ್ಲಗ್ಗಿಗಿಂತ ಕೆಳಗ ಜೋಲಿ ಬಿಟ್ಟು ಮ್ಯಾಲೆ ಒಯ್ರಿ, ಹನಿ ಅಲ್ಲೇ ಬೀಳ್ಲಿ.

ಕಡಲತಾಯಿ (ವಿಜಯಪುರ)

ಅಣ್ಣಾರ, ನಾನೂ ನಿಮ್ಮ ಊರಾಕಿನೇ, ಜಲನಗರದಾಗ ಇರ್ತೀನಿ. ಎಲ್ಲಾರೂ ನೀರು ಬೆಳಕು ಹೇಳ್ಯಾರ, ಕಲ್ಲಿನ ಮಾತು ಯಾರೂ ಹೇಳಿಲ್ಲ ಅದಕ್ಕ ಬರೀಲಿಕತ್ತೀನಿ. ಕೆಲವು ಕಡೆ ಲೈವ್ ರಾಕ್ ಅಂತ ಸಮುದ್ರದಿಂದ ಕಿತ್ತ ಕಲ್ಲು ಮಾರ್ತಾರ, ಅದು ಹವಳದ ಎಲುಬು ಅದರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆದಾಗ 2001ರೊಳಗ ದಿಬ್ಬ ಕಟ್ಟೂ ಗಟ್ಟಿ ಹವಳ ಎಲ್ಲಾ, ಸೀ ಫ್ಯಾನ್, ಬೆಂಕಿ ಹವಳ, ಕಡಲಕುದುರಿ ಸೈತ 1ನೇ ಶೆಡ್ಯೂಲಿಗೆ ಸೇರ್ಸ್ಯಾರ, ಹುಲಿ ಇರೂ ಶೆಡ್ಯೂಲ್ ಅದು. ನೇತ್ರಾಣಿದಾಗ ನೀವು ನೋಡಿದ್ದು ಅಲ್ಲೇ ಇರ್ಲಿ, ಒಂದ ಚೂರೂ ಚೀಲದಾಗ ಹಾಕ್ಕೊಂಡು ಬರಬಾರ್ದು. ಜೋವಾಂಥಿಡ್, ಮಶ್ರೂಮ್, ಲೆದರ್ ಆ ಪಟ್ಟಿಯೊಳಗ ಇಲ್ಲ, ಆದ್ರೂ ಬೆಳಸಿದ ತುಂಡನ್ನೇ ಬಿಲ್ ಸಮೇತ ತಗೊಳ್ರಿ.

ಅದರ ಬದ್ಲಿ ಸಿರಾಮಿಕ್ ಕಲ್ಲು ಚಲೋ. ಅದಕ್ಕ 2 ಪಿಪಿಎಂ (ಹತ್ತು ಲಕ್ಷಕ್ಕ 2 ಪಾಲು) ಅಮೋನಿಯಾ ಹಾಕಿ ಕಾಯ್ರಿ, ಮೊದ್ಲ ಅಮೋನಿಯಾ ನೈಟ್ರೈಟ್ ಆಗ್ತದ, ಆಮ್ಯಾಲೆ ನೈಟ್ರೇಟ್. ಹಾಕಿದ 2 ಪಿಪಿಎಂ ಒಂದೇ ದಿನದಾಗ ಅಮೋನಿಯಾ 0, ನೈಟ್ರೈಟ್ 0 ಆತು ಅಂದ್ರ ಟ್ಯಾಂಕ್ ತಯಾರ. ಆಮ್ಯಾಲೆ ಕಂದು ಧೂಳಿನಂಥ ಪಾಚಿ ಬಂದು ತಾನೇ ಹೋಗ್ತದ, ಹೆದರಬ್ಯಾಡ್ರಿ.

ಕ್ಲೌನ್ ಮೀನು ಮನ್ಯಾಗ ಹುಟ್ಟಿ ಬೆಳೆದದ್ದೇ ಕೇಳ್ರಿ, ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂನ್ಯಾಗಿರೂ ಕೇಂದ್ರ ಸರ್ಕಾರದ ಸಮುದ್ರ ಮೀನು ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಕೇಂದ್ರದಾವ್ರು ನಮ್ಮ ದೇಶದಾಗೇ ಮರಿ ಮಾಡಸೂ ಪದ್ಧತಿ ತಯಾರ ಮಾಡ್ಯಾರ, ಅಂಥಾವು ಟ್ಯಾಂಕಿಗೆ ಲಗೂ ಹೊಂದ್ಕೋತಾವ. ನಾ ಬೆಂಗಳೂರಿಂದ ಗೋಳಗುಮ್ಮಟ ಎಕ್ಸ್‌ಪ್ರೆಸ್‌ನ್ಯಾಗ ಥರ್ಮಾಕೋಲ್ ಡಬ್ಬಿಯೊಳಗ ತಂದಿದ್ದೆ, ರಾತ್ರಿ ಪೂರ್ತಿ ತೊಡಿ ಮ್ಯಾಲೇ ಇತ್ತು. ಹಂಗ ದೂರದಿಂದ ಬಂದ ಚೀಲ ಬಿಚ್ಚಿ ತಾಸುಗಟ್ಟಲೆ ಹನಿ ಹನಿ ನೀರು ಬಿಡ್ಕೋತ ಕೂಡಬ್ಯಾಡ್ರಿ. ಚೀಲ ಬಿಚ್ಚಿದ ಕೂಡ್ಲೇ ಒಳಗಿನ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಹೋಗಿ ಪಿಎಚ್ ಏರ್ತದ, ಅಲ್ಲಿತನಕ ಸುಮ್ಮನಿದ್ದ ಅಮೋನಿಯಾ ವಿಷ ಆಗ್ತದ. ಮುಚ್ಚಿದ ಚೀಲ 20 ನಿಮಿಷ ತೇಲಿಬಿಟ್ಟು ಶಾಖ ಹೊಂದಿಸ್ರಿ, ಉಪ್ಪು ಸರಿ ಅದನ ನೋಡಿ ಮೀನಷ್ಟ ಒಳಗ ಬಿಡ್ರಿ, ಚೀಲದ ನೀರು ಹೊರಗ ಚೆಲ್ರಿ.

ಮಗಳು ಸಣ್ಣಾಕಿ ಇದ್ರ ಇದೊಂದು ಲಕ್ಷ್ಯ ಇರ್ಲಿ. ಜೋವಾಂಥಿಡ್‌ದಾಗ ಪಾಲಿಟಾಕ್ಸಿನ್ ಅನ್ನೂ ಕಡುವಿಷ ಇರ್ಬೌದು. ಕೈಗವಸು ಹಾಕ್ಕೊಂಡೇ ಮುಟ್ರಿ, ಆ ಕಲ್ಲು ಕುದಿಸಬ್ಯಾಡ್ರಿ, ಬ್ರಶ್ ಹಚ್ಚಿ ಬಿಸಿನೀರಾಗ ತಿಕ್ಕಬ್ಯಾಡ್ರಿ, ಹಬಿ ಮೂಗಿಗೆ ಹೋದ್ರ ಆಸ್ಪತ್ರಿ ಸೇರಬೇಕಾಗ್ತದ. ಸೊಳ್ಳಿ ಹೊಡಿಯೂ ಸ್ಪ್ರೇನೂ ಆ ಖೋಲಿಯೊಳಗ ಬ್ಯಾಡ.

ಗುಮ್ಮಟದೂರು

ಅಕ್ಕಾರ, ಕೈಗವಸಿನ ಮಾತು ಹೇಳಿದ್ದು ಭಾಳ ಚಲೋ ಆತು, ಮಗಳಿಗೆ ಎಂಟು ವರ್ಷ, ಎಲ್ಲಾ ಮುಟ್ಟಿ ನೋಡ್ತಾಳ. ಕಡೀದೊಂದು ಕೇಳ್ತೀನಿ. ಹಗಲೊತ್ತಿನ್ಯಾಗ ನಮ್ಮ ಮನ್ಯಾಗ ಯಾರೂ ಇರಂಗಿಲ್ಲ, ಸಂಜಿ 5ಕ್ಕ ಬರ್ತೀವಿ. ಬೆಳಿಗ್ಗೆ ಮೂಡಲ ಕಿಟಕಿಯೊಳಗಿಂದ ಬಿಸಲು ಬರ್ತದ, ಟ್ಯಾಂಕ್ ಅಲ್ಲೇ ಇಟ್ರ ಲೈಟಿನ ತಾಸು ಉಳಿಸಬೌದಾ?

ನವನಗರದ ಉಪ್ಪು

ಬ್ಯಾಡ್ರಿ, ಬಿಸಲು ಹವಳಕ್ಕ ಕೆಟ್ಟದ್ದಲ್ಲ, ಆದ್ರ ಕಿಟಕಿ ಬಿಸಲು ನೀರು ಕಾಸ್ತೈತಿ, ಎಷ್ಟ ಬೀಳ್ಬೇಕು ಅನ್ನೂದು ನಿಮ್ಮ ಕೈಯಾಗ ಇರಂಗಿಲ್ಲ. ಒಳಗಿನ ಗ್ವಾಡಿಗೆ ಇಡ್ರಿ, ನೀರು ಕಲ್ಲು ಗಾಜು ಕೂಡಿ ಕಾಲ್ ಟನ್ ತೂಕ ಆಗ್ತೈತಿ, ಸ್ಟ್ಯಾಂಡ್ ಕಬ್ಬಿಣದ್ದು, ಸಮ ಇರ್ಬೇಕು.

ತಾಸಿನ ಚಿಂತಿ ಬ್ಯಾಡ. ಹವಳಕ್ಕ ಗಡಿಯಾರ ಗೊತ್ತಿಲ್ರಿ, ದಿನಾ ಅದೇ ಹೊತ್ತಿಗೆ ಬೆಳಕು, ಅದೇ ಹೊತ್ತಿಗೆ ಕತ್ತಲಿ ಆದ್ರ ಸಾಕು. ನಂದು ಮಧ್ಯಾಹ್ನ 3ಕ್ಕ ಬರೇ ನೀಲಿ ಸಣ್ಣಗ ಚಾಲೂ ಆಗ್ತೈತಿ, 5ಕ್ಕ ಪೂರ್ತಿ ಏರ್ತೈತಿ, 9ಕ್ಕ ಇಳಿಯಾಕತ್ತಿ 11ಕ್ಕ ಬಂದ್. ಏಪ್ರಿಲ್, ಮೇದಾಗ ಇನ್ನೂ ಎರಡ ತಾಸು ಮುಂದಕ್ಕ ತಳ್ಳತೇನಿ, ವಾರಕ್ಕ ಅರ್ಧ ತಾಸಿನಂಗ. ಹೊರಗಿನ ಬಿಸಲು ಏರಿದ ಹೊತ್ತಿನ್ಯಾಗ ಲೈಟಿನ ಶಾಖ ಕೂಡಬಾರ್ದು ಅಂತ. ನೀವು 5ಕ್ಕ ಬಾಗಲಾ ತಗದಾಗ ಹವಳ ಅರಳಿ ನಿಂತಿರ್ತಾವು, ಮಗಳು ಮಲಗೂತನಕ ನೋಡ್ತಾಳ.

ಗುಮ್ಮಟದೂರು

ಹಂಗೇ ಮಾಡ್ತೀನ್ರಿ. ನಾಳೆ ಮೆಕ್ಯಾನಿಕ್ ಬರ್ತಾನ, ಆರ್‌ಓ ತಿರಗಣಿ ಬಂದ್ ಮಾಡ್ಸಿ ಡಿಐ ಹಾಕಸ್ತೀನಿ. ಟಿಡಿಎಸ್ 0 ಬಂದ ಮ್ಯಾಲೆ ಫೋಟೋ ಹಾಕಿ ಮುಂದಿಂದು ಕೇಳ್ತೀನಿ.